ಕನೆಕ್ಟಿಂಗ್ ರಾಡ್ ಯಾವಾಗ ಮುರಿಯುತ್ತದೆ, ಯಾಕೆ ಮುರಿಯುತ್ತದೆ

(ಮೆಕ್ಯಾನಿಕಲ್ ವಿದ್ಯಾರ್ಥಿಗಳು, ಗ್ಯಾರೇಜ್ ನಡೆಸುವವರು ಮತ್ತು ಗಾಡಿ ಹುಚ್ಚಿನ ಒಂದಷ್ಟು ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಇಂಜಿನಿಯರಿಂಗ್ ಓದುತ್ತಿರುವವರೇ ಜಾಸ್ತಿ ಕಾಣುತ್ತಿದ್ದೀರಿ. ಹಾಗಾಗಿ ನಿಮ್ಮ ಪುಸ್ತಕದಿಂದಲೇ ಶುರು ಮಾಡುತ್ತೇನೆ. ಕನೆಕ್ಟಿಂಗ್ ರಾಡ್ ಅಂದರೆ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ನನ್ನು ಕೆಳಗೆ ಸುತ್ತುವ ಕ್ರ್ಯಾಂಕಿಗೆ ಜೋಡಿಸುವ ದಂಡ. ಮೆಷಿನ್ ಡಿಸೈನ್ ಪಾಠದಲ್ಲಿ ಅದು ಬಂದ ತಕ್ಷಣ ಐ-ಸೆಕ್ಷನ್ನಿನ, ಅಂದರೆ ಅಡ್ಡ ಕೊಯ್ದರೆ ಇಂಗ್ಲಿಷಿನ ಐ ಅಕ್ಷರದಂತೆ ಕಾಣುವ ಆಕಾರದ ಚಿತ್ರ ಬರುತ್ತದೆ. ದಪ್ಪ ಟಿ, ಅಗಲ 4ಟಿ, ಎತ್ತರ 5ಟಿ. ಅದರ ಹಿಂದೆಯೇ ರ‍್ಯಾಂಕಿನ್ ಸೂತ್ರ. ರಾಡನ್ನು ಕಂಬ ಎಂದುಕೊಂಡು, ಮೇಲಿಂದ ಒತ್ತಿದರೆ ಎಷ್ಟಕ್ಕೆ ಬಾಗುತ್ತದೆ ಅಂತ ಲೆಕ್ಕ ಹಾಕುತ್ತೀರಿ. ಕ್ರ್ಯಾಂಕ್ ತಿರುಗುವ ದಿಕ್ಕಿನಲ್ಲಿ ರಾಡಿನ ಎರಡೂ ತುದಿಗಳು ಪಿನ್ನಿನ ಮೇಲೆ ಆಡುತ್ತವೆ. ಅಡ್ಡ ದಿಕ್ಕಿನಲ್ಲಿ ಮಾತ್ರ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದಂತಿರುತ್ತದೆ. ಅದಕ್ಕೇ ಒಂದು ದಿಕ್ಕಿಗೆ ನಾಲ್ಕು ಪಟ್ಟು ಬಿಗಿತ ಬೇಕು ಎನ್ನುವ ಲೆಕ್ಕ. 4ಟಿ-5ಟಿ ಸೆಕ್ಷನ್ನಿನಲ್ಲಿ ಅದು 3.2 ಪಟ್ಟು ಬರುತ್ತದೆ. ಅಷ್ಟು ಸಾಕು ಅಂತ ಮುಂದೆ ಹೋಗುತ್ತೇವೆ. ಪರೀಕ್ಷೆಯಲ್ಲಿ ಮಾರ್ಕ್ಸೂ ಬರುತ್ತದೆ.

ಇದೆಲ್ಲ ಸರಿಯೇ. ಆದರೆ ಇಷ್ಟೂ ಲೆಕ್ಕ ಪಿಸ್ಟನ್ ರಾಡನ್ನು ಕೆಳಕ್ಕೆ ತಳ್ಳುವ ಹೊತ್ತಿನದು. ಟರ್ಬೊ ಇಲ್ಲದೆ, ಜೋರಾಗಿ ಸುತ್ತಿ ಶಕ್ತಿ ಕೊಡುವ ಪೆಟ್ರೋಲ್ ಇಂಜಿನ್ನಿನಲ್ಲಿ ರಾಡಿಗೆ ನಿಜವಾದ ಕಷ್ಟ ಬರುವುದು ಬೇರೆ ಹೊತ್ತಿನಲ್ಲಿ. ಪಿಸ್ಟನ್ ಮೇಲಕ್ಕೆ ಹಾರಿ ಹೋಗಲು ನೋಡುತ್ತಿರುತ್ತದೆ. ಅದನ್ನು ಹಿಡಿದು ವಾಪಸ್ ಕೆಳಕ್ಕೆ ಎಳೆಯಬೇಕಲ್ಲ, ಆಗ. ಪುಸ್ತಕದಲ್ಲಿ ಈ ಎಳೆತ ಬರುವುದು ಕೊನೆಯಲ್ಲಿ, ಬೋಲ್ಟಿನ ಅಳತೆ ಕಂಡುಹಿಡಿಯುವಾಗ. ಆ ಭಾಗವನ್ನು ಹೆಚ್ಚಿನವರು ಬಿಟ್ಟು ಓದುತ್ತಾರೆ. ಇವತ್ತು ನಾನು ಜಾಸ್ತಿ ಮಾತಾಡುವುದು ಅದರ ಬಗ್ಗೆಯೇ.

ಒಂದು ನಿಜವಾದ ಇಂಜಿನ್ ತೆಗೆದುಕೊಳ್ಳೋಣ. 1999ರಲ್ಲಿ ಹೋಂಡಾ ಎಸ್2000 ಎನ್ನುವ ಕಾರು ಬಂತು. ಎರಡು ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಬೋರ್ (ಸಿಲಿಂಡರಿನ ಅಗಲ) 87 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 84 ಮಿ.ಮೀ., ರಾಡಿನ ಉದ್ದ 153 ಮಿ.ಮೀ. ಇಷ್ಟಿಟ್ಟುಕೊಂಡು ಅದು ನಿಮಿಷಕ್ಕೆ ಸುಮಾರು 9000 ಸುತ್ತು, ಅಂದರೆ 9000 ಆರ್‌ಪಿಎಂವರೆಗೆ ಸುತ್ತುತ್ತಿತ್ತು. ಅಂದರೆ ಪಿಸ್ಟನ್ ಒಂದು ಸೆಕೆಂಡಿನಲ್ಲಿ 150 ಸಲ ಮೇಲಿನ ತುದಿಗೆ ಬಂದು, ನಿಂತು, ತಿರುಗುತ್ತದೆ. ಆ ತಿರುವಿನಲ್ಲಿ ಪಿಸ್ಟನ್ನಿನ ವೇಗೋತ್ಕರ್ಷ ಗುರುತ್ವದ ಸುಮಾರು 4850 ಪಟ್ಟು. ಸೂತ್ರ ನಿಮಗೆ ಗೊತ್ತೇ ಇದೆ, ಮನೆಗೆ ಹೋಗಿ ಹಾಕಿ ನೋಡಿ. ಪಿಸ್ಟನ್, ಪಿನ್, ರಿಂಗು, ರಾಡಿನ ಮೇಲ್ತುದಿ ಎಲ್ಲ ಸೇರಿ ಅರ್ಧ ಕಿಲೋ ಎಂದಿಟ್ಟುಕೊಳ್ಳಿ. ಆ ಅರ್ಧ ಕಿಲೋ ಆಗ ರಾಡನ್ನು ಹೆಚ್ಚು ಕಡಿಮೆ 2.4 ಟನ್ ಬಲದಿಂದ ಜಗ್ಗುತ್ತದೆ.

ಈಗ ತಳ್ಳುವ ಬಲ ನೋಡಿ. ಸಿಲಿಂಡರಿನೊಳಗೆ ಪೆಟ್ರೋಲ್ ಉರಿದಾಗ ಒತ್ತಡ 80 ಬಾರ್‌ಗೆ ಏರಿತು ಎಂದುಕೊಂಡರೆ, 87 ಮಿ.ಮೀ. ಪಿಸ್ಟನ್ನಿನ ಮೇಲೆ ಸುಮಾರು 4.8 ಟನ್ ಬೀಳುತ್ತದೆ. ಎಳೆತದ ಎರಡು ಪಟ್ಟು! ಹಾಗಾದ್ರೆ ತಳ್ಳುವುದಕ್ಕೇ ಅಲ್ವಾ ಹೆದರಬೇಕಾದ್ದು ಅಂತ ನೀವು ಕೇಳಬಹುದು.

ಇಲ್ಲ. ಒಂದು, ಉರಿಯುವ ಹೊತ್ತಿನಲ್ಲಿ ಈ ಎರಡು ಬಲಗಳು ಒಂದಕ್ಕೊಂದು ಎದುರು. ಅನಿಲ ಕೆಳಗೆ ತಳ್ಳುತ್ತಿದೆ, ಪಿಸ್ಟನ್ನಿನ ಓಟ ಮೇಲಕ್ಕೆ ಜಗ್ಗುತ್ತಿದೆ. ರಾಡಿಗೆ ಉಳಿಯುವುದು ಅರ್ಧದಷ್ಟು ಮಾತ್ರ. ಆದರೆ ಉರಿದ ಹೊಗೆಯನ್ನು ಹೊರಹಾಕುವ ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ವಾಲ್ವ್‌ಗಳು ತೆರೆದೇ ಇರುತ್ತವೆ. ಎದುರು ಒತ್ತಲು ಏನೂ ಇಲ್ಲ. 2.4 ಟನ್ನೂ ಪೂರ್ತಿ ರಾಡಿನ ಮೇಲೆ. ಎರಡನೆಯದು, ಬಿರುಕು ಬಾಯಿ ಬಿಡುವುದು ಎಳೆದಾಗ. ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಮೂರನೆಯದು, ರಾಡಿನ ಕೆಳತುದಿಯನ್ನು ಕ್ರ್ಯಾಂಕಿನ ಸುತ್ತ ಮುಚ್ಚುವ ಕ್ಯಾಪ್ ಮತ್ತು ಅದರ ಬೋಲ್ಟುಗಳಿಗೆ ತಳ್ಳುವ ಬಲ ಮುಟ್ಟುವುದೇ ಇಲ್ಲ. ಅವು ಇರುವುದೇ ಎಳೆತ ತಡೆಯಲು. 9000 ಆರ್‌ಪಿಎಂನಲ್ಲಿ ಈ ಖಾಲಿ ಎಳೆತ ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 75 ಸಲ. ಗಂಟೆಗೆ 2,70,000 ಸಲ.

ಇದರಿಂದ ಒಂದು ವಿಚಿತ್ರ ಸಂಗತಿ ಅರ್ಥವಾಗುತ್ತದೆ. ರೇಸ್ ಟ್ರ್ಯಾಕಿನಲ್ಲಿ ರಾಡ್ ಕಿತ್ತುಕೊಂಡು ಬರುವುದು ಎಷ್ಟೋ ಸಲ ಪೂರ್ತಿ ಥ್ರಾಟಲ್ ಕೊಟ್ಟಾಗ ಅಲ್ಲ. ನೇರ ದಾರಿಯ ಕೊನೆಯಲ್ಲಿ ಬಲಗಾಲು ಎತ್ತಿದಾಗ. ಇಂಜಿನ್ ಇನ್ನೂ ಜೋರಾಗಿ ಸುತ್ತುತ್ತಿದೆ, ಥ್ರಾಟಲ್ ಮುಚ್ಚಿದೆ, ಸಿಲಿಂಡರಿನಲ್ಲಿ ಗಾಳಿ ಇಲ್ಲ. ಕಂಪ್ರೆಶನ್ ಕೊಡುತ್ತಿದ್ದ ಅಷ್ಟಿಷ್ಟು ಆಸರೆಯೂ ಹೋಯಿತು. ನೋಡುವವರಿಗೆ, "ಪಾಪ, ಸುಮ್ನೆ ಬ್ರೇಕ್ ಹಾಕ್ತಿದ್ದ, ಅಷ್ಟರಲ್ಲಿ ಇಂಜಿನ್ ಹೋಯ್ತು" ಅನ್ನಿಸುತ್ತದೆ.

ಇದಕ್ಕಿಂತ ಕೆಟ್ಟದ್ದು ತಪ್ಪು ಗೇರು. ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದರೆ ರೆವ್ ಲಿಮಿಟರ್ ಏನೂ ಮಾಡಲಾರದು. ಅದು ಪೆಟ್ರೋಲನ್ನೋ ಕಿಡಿಯನ್ನೋ ನಿಲ್ಲಿಸಬಹುದು ಅಷ್ಟೇ. ಈಗ ಇಂಜಿನನ್ನು ಸುತ್ತಿಸುತ್ತಿರುವುದು ಚಕ್ರ. 9000 ಇದ್ದದ್ದು 10,500 ಆದರೆ ಎಳೆತ ಶೇ. 36 ಜಾಸ್ತಿಯಾಗುತ್ತದೆ, ಯಾಕೆಂದರೆ ಬಲ ಏರುವುದು ಆರ್‌ಪಿಎಂನ ವರ್ಗದಂತೆ. ರಾಡ್ ಅವತ್ತೇ ಮುರಿಯಬೇಕೆಂದಿಲ್ಲ. ಬೋಲ್ಟ್ ಒಂಚೂರು ಹಿಗ್ಗಿ ಕೂತಿರುತ್ತದೆ. ಆ ಕಾರನ್ನು ಕೊಂಡ ಮುಂದಿನವನ ಕೈಯಲ್ಲಿ ಮುರಿಯುತ್ತದೆ.

ಎಳೆತ ಕಡಿಮೆ ಮಾಡಲು ದಾರಿಗಳು ಹೆಚ್ಚೇನಿಲ್ಲ. ಸ್ಟ್ರೋಕ್ ಚಿಕ್ಕದು ಮಾಡಬೇಕು, ಇಲ್ಲವೇ ತೂಕ ಇಳಿಸಬೇಕು. ಫಾರ್ಮುಲಾ ಒನ್ ಎರಡನ್ನೂ ಮಾಡಿತು. 2006ರಲ್ಲಿ ಕಾಸ್ವರ್ತ್ ಕಂಪನಿಯ 2.4 ಲೀಟರ್ ವಿ8 ಇಂಜಿನ್ 20,000 ಆರ್‌ಪಿಎಂ ಮುಟ್ಟಿತು. ಅದರ ಸ್ಟ್ರೋಕ್ ಬರೀ 40 ಮಿ.ಮೀ. ಆಸುಪಾಸು, ಹೋಂಡಾದ ಅರ್ಧಕ್ಕೂ ಕಡಿಮೆ. ಆದರೂ ಪಿಸ್ಟನ್ನಿನ ವೇಗೋತ್ಕರ್ಷ ಗುರುತ್ವದ 10,000 ಪಟ್ಟು ದಾಟುತ್ತಿತ್ತು. ಮುಂದಿನ ವರ್ಷವೇ ನಿಯಮ ಬದಲಿಸಿ 19,000ಕ್ಕೆ, 2009ರಲ್ಲಿ 18,000ಕ್ಕೆ ಮಿತಿ ಹಾಕಿದರು.

ತೂಕ ಇಳಿಸುವ ಕಥೆ ಟೈಟಾನಿಯಂ ಕಥೆ. ರಸ್ತೆಯ ಕಾರಿಗೆ ಟೈಟಾನಿಯಂ ರಾಡ್ ಮೊದಲು ಹಾಕಿದ್ದು ಹೋಂಡಾ, 1990ರ ಎನ್‌ಎಸ್‌ಎಕ್ಸ್ ಕಾರಿನಲ್ಲಿ. ಟೈಟಾನಿಯಂ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಶಕ್ತಿಯಲ್ಲಿ ಒಳ್ಳೆಯ ಉಕ್ಕಿಗೆ ಹತ್ತಿರ ನಿಲ್ಲುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದರ ಬಿಗಿತವೂ ಉಕ್ಕಿನ ಅರ್ಧದಷ್ಟೇ. ಅಂದರೆ ಅದೇ ಎಳೆತಕ್ಕೆ ಬಿಗ್ ಎಂಡಿನ (ಕ್ರ್ಯಾಂಕನ್ನು ಹಿಡಿಯುವ ಕೆಳತುದಿಯ) ತೂತು ಉಕ್ಕಿನದಕ್ಕಿಂತ ಜಾಸ್ತಿ ಮೊಟ್ಟೆಯಾಕಾರಕ್ಕೆ ಹೋಗುತ್ತದೆ, ಬೇರಿಂಗನ್ನು ಪಕ್ಕದಿಂದ ಚಿವುಟುತ್ತದೆ. ಅದನ್ನು ತಡೆಯಲು ಬಿಗ್ ಎಂಡನ್ನು ದಪ್ಪ ಮಾಡಬೇಕು, ಆಗ ಉಳಿಸಿದ ತೂಕದಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಇನ್ನೊಂದು ತಕರಾರು: ಟೈಟಾನಿಯಂ ಉಕ್ಕಿಗೆ ಉಜ್ಜಿದರೆ ಹರಿದು ಅಂಟಿಕೊಳ್ಳುತ್ತದೆ. ಹಾಗಾಗಿ ಕ್ರ್ಯಾಂಕಿಗೆ ತಾಗುವ ಪಕ್ಕದ ಮುಖಗಳಿಗೆ ಗಟ್ಟಿ ಲೇಪನ ಬೇಕೇ ಬೇಕು. ಸಣ್ಣ ಗೀರನ್ನೂ ಅದು ಸಹಿಸುವುದಿಲ್ಲ.

ಅಲ್ಯೂಮಿನಿಯಂ ರಾಡ್ ಕೂಡ ಇದೆ. ಅಮೆರಿಕದ ಟಾಪ್ ಫ್ಯೂಯೆಲ್ ಡ್ರ್ಯಾಗ್ ಕಾರುಗಳಲ್ಲಿ ಅದೇ. ನೈಟ್ರೊಮೀಥೇನ್ ಉರಿಯುವ ಏಟನ್ನು ಅಲ್ಯೂಮಿನಿಯಂ ಸ್ವಲ್ಪ ನುಂಗಿಕೊಳ್ಳುತ್ತದೆ, ಬೇರಿಂಗ್ ಬದುಕುತ್ತದೆ. ಆದರೆ ಉಕ್ಕಿಗೆ ಇರುವ ಒಂದು ಗುಣ ಅದಕ್ಕಿಲ್ಲ. ಉಕ್ಕಿನಲ್ಲಿ ಒಂದು ಮಿತಿಯ ಕೆಳಗೆ ಎಷ್ಟು ಕೋಟಿ ಸಲ ಎಳೆದರೂ ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ, ಪ್ರತಿ ಎಳೆತಕ್ಕೂ ಲೆಕ್ಕ ಇದೆ. ಆ ಕಾರು ಓಡುವುದು ನಾಲ್ಕು ಸೆಕೆಂಡಿಗೂ ಕಡಿಮೆ. ಪ್ರತಿ ಓಟದ ನಂತರ ಇಂಜಿನ್ ಬಿಚ್ಚುತ್ತಾರೆ. ಅಲ್ಲಿಗೆ ಅದು ಸರಿ. ಅದನ್ನೇ ತಂದು ದಿನಾ ಆಫೀಸಿಗೆ ಹೋಗುವ ಕಾರಿಗೆ ಹಾಕುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ಈಗ ಬೋಲ್ಟಿಗೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ರಾಡಿನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಬಿಗ್ ಎಂಡ್ ಎರಡು ತುಂಡು. ಕೆಳಗಿನ ಕ್ಯಾಪನ್ನು ಹಿಡಿದಿರುವುದು ಎರಡೇ ಬೋಲ್ಟು. ಪಿಸ್ಟನ್ನಿನ ಎಳೆತದ ಜೊತೆಗೆ ರಾಡಿನ ಸ್ವಂತ ತೂಕದ ಎಳೆತವೂ ಇಲ್ಲಿ ಸೇರಿಕೊಳ್ಳುತ್ತದೆ.

ಬೋಲ್ಟನ್ನು ಟೈಟ್ ಮಾಡುವುದು ಅಂದರೆ ಅದನ್ನು ಹಿಗ್ಗಿಸುವುದು. ಹಿಗ್ಗಿದ ಬೋಲ್ಟ್ ವಾಪಸ್ ಕುಗ್ಗಲು ನೋಡುತ್ತದೆ, ಆ ಬಲದಲ್ಲಿ ಕ್ಯಾಪನ್ನು ರಾಡಿಗೆ ಒತ್ತಿ ಹಿಡಿಯುತ್ತದೆ. ಹತ್ತು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಎರಡೂ ಬದಿಯಿಂದ ಕೈಯಲ್ಲಿ ಒತ್ತಿ ಎತ್ತಿದ್ದೀರಲ್ಲ, ಹಾಗೆ. ಒತ್ತಿ ಹಿಡಿದಷ್ಟು ಹೊತ್ತು ನಡುವಿನ ಪುಸ್ತಕ ಅಲ್ಲಾಡುವುದಿಲ್ಲ. ಕೈ ಸಡಿಲವಾದರೆ ಎಲ್ಲವೂ ಕೆಳಗೆ. ಬೋಲ್ಟಿನ ಹಿಡಿತ ಎಳೆತಕ್ಕಿಂತ ಜಾಸ್ತಿ ಇದ್ದರೆ, ಸೆಕೆಂಡಿಗೆ ನೂರಾರು ಸಲ ಬರುವ ಏರಿಳಿತ ಬೋಲ್ಟಿಗೆ ಬಹಳ ಕಡಿಮೆ ತಾಗುತ್ತದೆ. ಹಿಡಿತ ಕಡಿಮೆಯಾದರೆ ಕ್ಯಾಪ್ ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಬಿಡುತ್ತದೆ, ಪೂರ್ತಿ ಏರಿಳಿತ ಬೋಲ್ಟಿನ ಪಾಲಿಗೆ. ಆಮೇಲೆ ಅದು ಎಷ್ಟು ಹೊತ್ತು ಬದುಕುತ್ತದೆ ಎನ್ನುವುದು ಮಾತ್ರ ಪ್ರಶ್ನೆ. ಅಂದರೆ ಜಾಸ್ತಿ ಟೈಟ್ ಮಾಡಿದ್ದಕ್ಕೆ ಮುರಿಯುವ ಬೋಲ್ಟಿಗಿಂತ ಕಡಿಮೆ ಟೈಟ್ ಮಾಡಿದ್ದಕ್ಕೆ ಮುರಿಯುವುದೇ ಹೆಚ್ಚು.

ಟಾರ್ಕ್ ರೆಂಚ್ ಇದೆಯಲ್ಲ ಅಂತೀರಿ. ಇದೆ. ಆದರೆ ನೀವು ಹಾಕುವ ಟಾರ್ಕಿನಲ್ಲಿ ಬೋಲ್ಟನ್ನು ಹಿಗ್ಗಿಸಲು ಸಿಗುವುದು ಹತ್ತರಲ್ಲಿ ಒಂದು ಪಾಲು. ಉಳಿದದ್ದು ತಲೆಯ ಕೆಳಗಿನ ಮತ್ತು ಮರೆಯ (ಥ್ರೆಡ್ಡಿನ) ಘರ್ಷಣೆಗೆ ಹೋಗುತ್ತದೆ. ಮರೆಗೆ ಎಣ್ಣೆ ಹಚ್ಚಿದರೆ ಒಂದು ಹಿಡಿತ, ಒಣಗಿದ್ದರೆ ಇನ್ನೊಂದು, ರೆಂಚಿನಲ್ಲಿ ಮಾತ್ರ ಒಂದೇ ನಂಬರು. ಅದಕ್ಕೇ ಕಾರು ಕಂಪನಿಗಳು ಇಷ್ಟು ಟಾರ್ಕ್ ಹಾಕಿ, ಆಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎನ್ನುತ್ತವೆ. ರೇಸ್ ಇಂಜಿನ್ ಕಟ್ಟುವವರು ಇನ್ನೂ ಮುಂದೆ ಹೋಗುತ್ತಾರೆ. ಬೋಲ್ಟಿನ ಉದ್ದವನ್ನು ಗೇಜಿನಲ್ಲಿ ಅಳೆದು, ಟೈಟ್ ಮಾಡಿ, ಎಷ್ಟು ಹಿಗ್ಗಿತು ಅಂತ ಮತ್ತೆ ಅಳೆಯುತ್ತಾರೆ. ಇಂಜಿನ್ ಬಿಚ್ಚಿದಾಗ ಬೋಲ್ಟ್ ಮೊದಲಿನ ಉದ್ದಕ್ಕೆ ವಾಪಸ್ ಬಂದಿಲ್ಲ ಎಂದರೆ ಅದು ಕಸದ ಬುಟ್ಟಿಗೆ.

ನಾನು ತಂದ ಈ ಎರಡು ಬೋಲ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ. ಎರಡೂ ಒಂದೇ ರಾಡಿನವು. ಮೊದಲನೆಯದರ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಅಂಚಿನಿಂದ ಶುರುವಾಗಿ ಕಮಾನಿನಂಥ ಸಣ್ಣ ಗೆರೆಗಳು ಒಂದರ ಹಿಂದೆ ಒಂದು ಕಾಣುತ್ತವೆ. ಆ ಭಾಗ ನುಣುಪು. ಆಚೆ ಬದಿ ಒರಟು, ಕಾಳುಕಾಳು. ನುಣುಪಿರುವುದು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಬಿರಿದ ಜಾಗ. ಒರಟಿರುವುದು ಕೊನೆಗೆ ಒಂದೇ ಏಟಿಗೆ ಹೋದದ್ದು. ಕಮಾನುಗಳು ಯಾವ ಬಿಂದುವಿನ ಸುತ್ತ ಇವೆಯೋ ಬಿರುಕು ಹುಟ್ಟಿದ್ದು ಅಲ್ಲಿ. ಇದರಲ್ಲಿ ಅದು ತಲೆಯ ಕೆಳಗಿನ ಮೂಲೆ. ಈಗ ಎರಡನೆಯ ಬೋಲ್ಟ್ ನೋಡಿ. ಗೆರೆ ಇಲ್ಲ, ನುಣುಪಿಲ್ಲ. ಸೊಂಟ ಸಣ್ಣಗಾಗಿ, ಸೊಟ್ಟಗಾಗಿ ಹರಿದಿದೆ. ಅದಕ್ಕೆ ಏನೂ ಕಾಯಿಲೆ ಇರಲಿಲ್ಲ. ಜೊತೆಗಾರ ಹೋದ ಮೇಲೆ ಎಲ್ಲ ಭಾರ ಇದರ ಮೇಲೆ ಬಿತ್ತು, ತಕ್ಷಣ ಹೋಯಿತು. ಬ್ಲಾಕ್ ಒಡೆದು, ಪಿಸ್ಟನ್ ಪುಡಿಯಾಗಿ, ಎಣ್ಣೆಯಲ್ಲಿ ಮುಳುಗಿದ ಆ ರಾಶಿಯಲ್ಲಿ ಮೊದಲು ಹೋದದ್ದು ಯಾವುದು ಅಂತ ಹುಡುಕುವುದು ಹೀಗೆ. ಅದಕ್ಕೆ ಮುರಿದ ಮುಖಗಳನ್ನು ಒಂದಕ್ಕೊಂದು ಜೋಡಿಸಿ ಉಜ್ಜಬೇಡಿ. ಎಲ್ಲರೂ ಮೊದಲು ಮಾಡುವ ಕೆಲಸ ಅದೇ!

ಬೋಲ್ಟ್ ಏನು ಮಾಡಬಲ್ಲದು ಎನ್ನುವುದಕ್ಕೆ 2014ರ ಪೋರ್ಷೆ 911 ಜಿಟಿ3 ನೋಡಿ. 3.8 ಲೀಟರ್, 475 ಎಚ್‌ಪಿ, 9000 ಆರ್‌ಪಿಎಂ, ಟೈಟಾನಿಯಂ ರಾಡು. ಯುರೋಪಿನಲ್ಲಿ ಅಂಥ ಎರಡು ಹೊಸ ಕಾರುಗಳು ಬೆಂಕಿಗೆ ಸಿಕ್ಕವು. ಕಂಪನಿ ಆ ಮಾದರಿಯ ಕಾರುಗಳನ್ನು ಓಡಿಸಬೇಡಿ ಎಂದು ಹೇಳಿ ತನಿಖೆ ಮಾಡಿತು. ರಾಡಿನ ಸ್ಕ್ರೂ ಜೋಡಣೆ ಸಡಿಲಗೊಂಡಿತ್ತು. ಬಿಟ್ಟುಕೊಂಡ ರಾಡು ಕ್ರ್ಯಾಂಕ್‌ಕೇಸಿಗೆ ಬಡಿದು ಒಡೆಯಿತು, ಎಣ್ಣೆ ಸೋರಿತು, ಬೆಂಕಿ ಹತ್ತಿತು. ಮಾರ್ಚ್ ತಿಂಗಳಲ್ಲಿ ಅವರು ತೀರ್ಮಾನ ಪ್ರಕಟಿಸಿದರು: ಎಲ್ಲ 785 ಕಾರುಗಳ ಇಂಜಿನನ್ನೇ ಬದಲಿಸುವುದು. ರಿಪೇರಿ ಅಲ್ಲ, ಹೊಸ ಇಂಜಿನ್. ಟೈಟಾನಿಯಂ ಮುರಿದಿರಲಿಲ್ಲ, ರಾಡಿನ ಆಕಾರದಲ್ಲಿ ತಪ್ಪಿರಲಿಲ್ಲ. ಸ್ಕ್ರೂ.

ಇಲ್ಲೇ ಗ್ಯಾರೇಜಿನವರಿಗೆ ಒಂದು ಮಾತು. ಯಾವ ಕ್ಯಾಪ್ ಯಾವ ರಾಡಿನದು ಅಂತ ಗುರುತಿಡಲು ಪಂಚ್ ಇಟ್ಟು ಸುತ್ತಿಗೆಯಲ್ಲಿ ಚುಕ್ಕಿ ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ಹಳೇ ಲಾರಿ ಇಂಜಿನ್ ತಡೆದುಕೊಳ್ಳಬಹುದು. ಜೋರಾಗಿ ಸುತ್ತುವ ಇಂಜಿನ್ನಿಗೆ ಆ ಚುಕ್ಕಿಯೇ ಬಿರುಕಿನ ತವರು. ಮಾರ್ಕರ್ ಪೆನ್ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಹೊಸ ಕಾಲದ ಎಷ್ಟೋ ರಾಡುಗಳಲ್ಲಿ ಕ್ಯಾಪನ್ನು ಕತ್ತರಿಸಿರುವುದಿಲ್ಲ, ಒಂದೇ ತುಂಡಾಗಿ ಮಾಡಿ ಬೇಕೆಂದೇ ಒಡೆದಿರುತ್ತಾರೆ. ಆ ಒರಟು ಮುಖ ಕೂರುವುದು ತನ್ನ ಜೋಡಿಯ ಮೇಲೆ ಮಾತ್ರ. ಅದನ್ನು ಫೈಲ್ ಹಾಕಿ ನುಣುಪು ಮಾಡಿದವರನ್ನೂ ನೋಡಿದ್ದೇನೆ. ಏನು ಹೇಳೋಣ.

ಎಣ್ಣೆಯ ವಿಷಯ. ಕ್ರ್ಯಾಂಕ್‌ಪಿನ್ನಿಗೂ ಬಿಗ್ ಎಂಡಿನೊಳಗೆ ಕೂರುವ ತೆಳು ಬೇರಿಂಗ್ ಶೆಲ್ಲಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕೈದು ಭಾಗ. ಅದರಲ್ಲಿ ನಿಂತ ಎಣ್ಣೆಯ ಮೇಲೆ ಇಡೀ ಆಟ ನಡೆಯುತ್ತದೆ. ಟ್ರ್ಯಾಕಿನ ಉದ್ದನೆಯ ತಿರುವಿನಲ್ಲಿ ಸಂಪಿನ (ಇಂಜಿನ್ನಿನ ತಳದ ತೊಟ್ಟಿಯ) ಎಣ್ಣೆ ಒಂದು ಬದಿಗೆ ಸರಿದು ಪಂಪು ಗಾಳಿ ಹೀರಿದರೆ, ಕೆಲವೇ ಸೆಕೆಂಡು ಸಾಕು. ಶೆಲ್ ಸವೆದು ಟಕ್ ಟಕ್ ಸದ್ದು ಶುರುವಾಗುತ್ತದೆ. ಆಮೇಲೆ ಶೆಲ್ ತನ್ನ ಜಾಗದಲ್ಲೇ ತಿರುಗಿ ಎಣ್ಣೆಯ ತೂತು ಮುಚ್ಚುತ್ತದೆ. ಬಿಗ್ ಎಂಡ್ ಕಾದು ನೀಲಿ, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ರಾಡು. ಮುರಿದ ರಾಡಿನ ಕೆಳತುದಿ ನೀಲಿಯಾಗಿದ್ದರೆ ರಾಡ್ ಕಂಪನಿಗೆ ಬೈಯಬೇಡಿ, ಎಣ್ಣೆ ಎಲ್ಲಿ ಹೋಯಿತು ನೋಡಿ. ಬಿಎಂಡಬ್ಲ್ಯೂ ತನ್ನ ಎಂ3 ಕಾರಿನ 3.2 ಲೀಟರ್ ಆರು ಸಿಲಿಂಡರ್ ಇಂಜಿನ್ನಿಗೆ ಮೊದಲ ವರ್ಷಗಳಲ್ಲೇ ಗಾಡಿಗಳನ್ನು ವಾಪಸ್ ಕರೆದು ರಾಡ್ ಬೇರಿಂಗ್ ಬದಲಿಸಬೇಕಾಯಿತು.

ಇದರ ದೊಡ್ಡ ಉದಾಹರಣೆ ಆಕಾಶದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ರೋಲ್ಸ್ ರಾಯ್ಸ್ ವಲ್ಚರ್ ಎನ್ನುವ ವಿಮಾನದ ಇಂಜಿನ್ ಮಾಡಿತು. ಎಕ್ಸ್ ಆಕಾರದಲ್ಲಿ 24 ಸಿಲಿಂಡರು, ಒಂದೇ ಕ್ರ್ಯಾಂಕು. ಒಂದೊಂದು ಕ್ರ್ಯಾಂಕ್‌ಪಿನ್ನಿನ ಮೇಲೆ ನಾಲ್ಕು ಪಿಸ್ಟನ್ನುಗಳ ಭಾರ. ಬಿಗ್ ಎಂಡ್ ಬೇರಿಂಗಿಗೆ ಎಣ್ಣೆ ಸರಿಯಾಗಿ ದಕ್ಕದೆ ಅವು ಪದೇ ಪದೇ ಹೋದವು. ಆವ್ರೊ ಮ್ಯಾಂಚೆಸ್ಟರ್ ಬಾಂಬರ್‌ಗೆ ಇದ್ದದ್ದು ಇಂಥ ಎರಡು ಇಂಜಿನ್. ಒಂದು ಹೋದರೆ ಉಳಿದದ್ದು ವಿಮಾನವನ್ನು ಎತ್ತಿ ಹಿಡಿಯಲು ಒದ್ದಾಡುತ್ತಿತ್ತು. ಕೊನೆಗೆ ವಲ್ಚರ್ ಕೈಬಿಟ್ಟು, ರೆಕ್ಕೆ ಉದ್ದ ಮಾಡಿ, ನಾಲ್ಕು ಮರ್ಲಿನ್ ಇಂಜಿನ್ ಕೂರಿಸಿದರು. ಅದೇ ಲ್ಯಾಂಕಾಸ್ಟರ್. ಮರ್ಲಿನ್ ವಿ12. ಅದರಲ್ಲಿ ಒಂದು ಪಿನ್ನಿಗೆ ಎರಡೇ ರಾಡು, ಒಂದು ಕವಲೊಡೆದದ್ದು, ಇನ್ನೊಂದು ಆ ಕವಲಿನ ನಡುವೆ ಕೂರುವಂಥದ್ದು.

ನೀರಿನ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಮಳೆಗಾಲದ ಅಂಡರ್‌ಪಾಸಿನಲ್ಲಿ ಎಷ್ಟು ಕಾರು ನಿಲ್ಲುತ್ತವೆ ನೋಡಿದ್ದೀರಿ. 500 ಸಿಸಿಯ ಸಿಲಿಂಡರ್, ಕಂಪ್ರೆಶನ್ 11 (ಒಟ್ಟು ಜಾಗ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ) ಎಂದುಕೊಳ್ಳಿ. ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ 50 ಸಿಸಿ. ಊಟದ ಚಮಚದಲ್ಲಿ ಮೂರ್ನಾಲ್ಕು. ಅಷ್ಟು ನೀರು ಒಳಗೆ ಹೋದರೆ ಮುಗಿಯಿತು, ನೀರನ್ನು ಒತ್ತಿ ಚಿಕ್ಕದು ಮಾಡಲಾಗುವುದಿಲ್ಲ. ಡೀಸೆಲ್ಲಿನಲ್ಲಿ ಇನ್ನೂ ಕಡಿಮೆ ಸಾಕು. ಇಲ್ಲಿ ಮಾತ್ರ ರ‍್ಯಾಂಕಿನ್ ಹೇಳಿದ್ದೇ ಆಗುತ್ತದೆ, ರಾಡ್ ಬಾಗುತ್ತದೆ. ಮೋಸ ಏನೆಂದರೆ, ಸ್ವಲ್ಪ ಬಾಗಿದ ರಾಡಿನಲ್ಲೂ ಗಾಡಿ ಓಡುತ್ತದೆ. ನೀರು ತೆಗೆದು, ಫಿಲ್ಟರ್ ಬದಲಿಸಿ, ಸ್ಟಾರ್ಟ್ ಮಾಡಿ ಕೊಟ್ಟುಬಿಡುತ್ತಾರೆ. ತಿಂಗಳು ಬಿಟ್ಟು ಹೆದ್ದಾರಿಯಲ್ಲಿ ಬ್ಲಾಕ್ ಒಡೆಯುತ್ತದೆ. ಆಗ ಇನ್ಶೂರೆನ್ಸ್‌ನವರ ಜೊತೆ ಜಗಳ ಬೇರೆ, ಇಂಜಿನ್ನಿಗೆ ಪ್ರತ್ಯೇಕ ಕವರ್ ತೆಗೆದುಕೊಂಡಿರದಿದ್ದರೆ. ಅನುಮಾನ ಇದ್ದರೆ ಹೆಡ್ ಇಳಿಸಿ ಬೋರಿನ ಮೇಲ್ಭಾಗ ನೋಡಿ. ಇಂಗಾಲದ ಪಟ್ಟಿ ಒಂದು ಸಿಲಿಂಡರಿನಲ್ಲಿ ಮಾತ್ರ ಅಗಲವಾಗಿದ್ದರೆ, ಆ ಪಿಸ್ಟನ್ ಮೊದಲಿನಷ್ಟು ಮೇಲಕ್ಕೆ ಬರುತ್ತಿಲ್ಲ ಎಂದರ್ಥ.

ಟರ್ಬೊ ಕಾರಿಗೆ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಏರಿಸುವುದು) ಮಾಡಿಸುವವರದ್ದೂ ಇದೇ ಕಥೆ. ಕಡಿಮೆ ಆರ್‌ಪಿಎಂನಲ್ಲೇ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ತುಂಬಿದರೆ ಎಳೆತ ಕಡಿಮೆ, ತಳ್ಳಾಟ ವಿಪರೀತ. ರಾಡ್ ಬಾಗುವುದು ಅಲ್ಲಿ. ಹಾಗಾಗಿ ಬೂಸ್ಟನ್ನು ಸ್ವಲ್ಪ ಮೇಲಿನ ಆರ್‌ಪಿಎಂಗೆ ಸರಿಸುವ ಟ್ಯೂನರ್ ಸಿಕ್ಕರೆ ಅವನಿಗೆ ವಿಷಯ ಗೊತ್ತಿದೆ ಎಂದುಕೊಳ್ಳಿ.

ಕೊನೆಗೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಬರೆಯುತ್ತೇನೆ.

"ಸರ್, ಎಚ್-ಬೀಮ್ ರಾಡ್ ಹಾಕಿದ್ರೆ ರೆವ್ ಲಿಮಿಟ್ ಏರಿಸಬಹುದಾ?" ಅಂತ ಒಬ್ಬ ಹುಡುಗ ಕೇಳಿದ. ಎಚ್-ಬೀಮ್ ಅಂದರೆ ಅಡ್ಡ ಕೊಯ್ದರೆ ಎಚ್ ಅಕ್ಷರದಂತೆ ಕಾಣುವ ರಾಡು. ಆಕಾರ ನೋಡಿ ಏರಿಸಬೇಡ ಎಂದೆ. ಎಚ್-ಬೀಮಿಗೆ ರೇಸಿಂಗಿನಲ್ಲಿ ಹೆಸರು ತಂದದ್ದು ಅಮೆರಿಕದ ಕ್ಯಾರಿಲ್ಲೊ ಕಂಪನಿ. ಅದು ಒಳ್ಳೆಯದು ಅನಿಸಿಕೊಂಡದ್ದು ಉಕ್ಕು, ಮೆಷಿನಿಂಗ್, ಬೋಲ್ಟು ಎಲ್ಲ ಒಳ್ಳೆಯದಿದ್ದದ್ದರಿಂದ. ಆ ಆಕಾರವನ್ನಷ್ಟೇ ನಕಲು ಮಾಡಿದ ಅಗ್ಗದ ರಾಡುಗಳು ಈಗ ಆನ್‌ಲೈನಿನಲ್ಲಿ ರಾಶಿ ರಾಶಿ ಸಿಗುತ್ತವೆ. ಕೆಟ್ಟ ಎಚ್-ಬೀಮಿಗಿಂತ ಒಳ್ಳೆಯ ಐ-ಬೀಮ್ ಎಷ್ಟೋ ವಾಸಿ. ತೂಕ ಮಾಡಿ ನೋಡು. ಹೊಸ ರಾಡು ಹಳೆಯದಕ್ಕಿಂತ ಭಾರವಿದ್ದರೆ ಬಿಗ್ ಎಂಡಿನ ಬೇರಿಂಗಿಗೂ ಕ್ಯಾಪಿಗೂ ಎಳೆತ ಜಾಸ್ತಿಯೇ ಆಗಿರುತ್ತದೆ. ಬೋಲ್ಟ್ ಯಾರದ್ದು ಅಂತ ಕೇಳು. ಉತ್ತರ ಬರದಿದ್ದರೆ ಕೊಳ್ಳಬೇಡ.

ಹಿಂದಿನ ಸಾಲಿನಲ್ಲಿದ್ದ ಯಜಮಾನರೊಬ್ಬರು ಎದ್ದು, "ನಮ್ಮ ಮೈಸೂರಿನ ಯೆಜ್ಡಿ ಇಷ್ಟು ವರ್ಷ ಓಡಿಸಿದೀನಿ, ರಾಡು ಮುರಿದದ್ದೇ ಇಲ್ಲ. ಬೇರಿಂಗ್ ಮಾತ್ರ ಹಾಕಿಸಿದೀನಿ. ಯಾಕೆ ಹೇಳಿ?" ಎಂದರು. ಸಭೆಗೆಲ್ಲ ನಗು. ಆದರೆ ಅವತ್ತಿನ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ. ಅವರ ಹಳೇ ಯೆಜ್ಡಿ ಬೈಕು ಟೂ-ಸ್ಟ್ರೋಕ್, ಅಂದರೆ ಪ್ರತಿ ಸುತ್ತಿಗೂ ಒಮ್ಮೆ ಉರಿಯುವ ಇಂಜಿನ್. ಅದರಲ್ಲಿ ಖಾಲಿ ಎಕ್ಸಾಸ್ಟ್ ಸ್ಟ್ರೋಕ್ ಎಂಬುದೇ ಇಲ್ಲ. ಪಿಸ್ಟನ್ ಪ್ರತಿ ಸಲ ಮೇಲೆ ಬಂದಾಗಲೂ ಎದುರಿಗೆ ಕಂಪ್ರೆಶನ್ ಇರುತ್ತದೆ, ರಾಡಿನ ಮೇಲಿನ ಎಳೆತವನ್ನು ಅದು ಇಳಿಸುತ್ತದೆ. ಜೊತೆಗೆ ಅದರ ಬಿಗ್ ಎಂಡ್ ಒಂದೇ ತುಂಡು. ಕ್ರ್ಯಾಂಕನ್ನೇ ಬಿಡಿ ಭಾಗಗಳಾಗಿ ಮಾಡಿ, ರಾಡನ್ನು ಪಿನ್ನಿಗೆ ತೂರಿಸಿ, ಪ್ರೆಸ್ ಹಾಕಿ ಜೋಡಿಸುತ್ತಾರೆ. ಕ್ಯಾಪಿಲ್ಲ, ಬೋಲ್ಟಿಲ್ಲ. ಮುರಿಯಬೇಕಾದ್ದೇ ಇಲ್ಲ ಅಂದ ಮೇಲೆ ಹೇಗೆ ಮುರಿಯುತ್ತದೆ? ಬೇರಿಂಗ್ ಹೋಗುವುದಕ್ಕೆ ಕಾರಣ ಬೇರೆ. ಪೆಟ್ರೋಲಿಗೇ ಎಣ್ಣೆ ಬೆರೆಸುವ ಗಾಡಿಯಲ್ಲಿ ಥ್ರಾಟಲ್ ಮುಚ್ಚಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ನಿಲ್ಲುತ್ತದೆ. ಘಾಟಿ ಇಳಿಯುವಾಗ ಗೇರಿನಲ್ಲೇ, ಥ್ರಾಟಲ್ ಪೂರ್ತಿ ಬಿಟ್ಟು ಉದ್ದಕ್ಕೆ ಇಳಿದರೆ ಇಂಜಿನ್ ಜೋರಾಗಿ ಸುತ್ತುತ್ತಿರುತ್ತದೆ, ಬೇರಿಂಗಿಗೆ ಎಣ್ಣೆ ಇರುವುದಿಲ್ಲ. ನಡುನಡುವೆ ಸ್ವಲ್ಪ ಥ್ರಾಟಲ್ ಕೊಟ್ಟು ಇಳಿಯಿರಿ ಎಂದೆ. ಚಾರ್ಮಾಡಿ ಇಳಿಯುವಾಗ ತಮ್ಮ ತಂದೆ ಹಾಗೇ ಮಾಡುತ್ತಿದ್ದರು, ಯಾಕೆಂದು ಮಾತ್ರ ಹೇಳಿರಲಿಲ್ಲ ಎಂದರು ಅವರು.